ಹಾಟ್ ಟಬ್‌ನಲ್ಲಿ ಕೂತು ಬಂದ ಮೇಲೆ ಮೈಮೇಲೆ ಕೆಂಪು ಗುಳ್ಳೆ: ಇದು ಕ್ಲೋರಿನ್ ಅಲರ್ಜಿನಾ?

ತೇಲುಎಲೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಮುಜುಗರದ ವಿಷಯ, ಆದರೂ ಕೇಳಿಬಿಡುತ್ತೇನೆ.

ಸ್ನೇಹಿತರೆಲ್ಲ ಸೇರಿ ರಜೆಗೆ ಒಂದು ಕಡೆ ಹೋಗಿ ತಂಗಿದ್ದೆವು. ಅಲ್ಲಿ ಒಂದು ಈಜುಕೊಳ, ಅದರ ಪಕ್ಕದಲ್ಲೇ ಗುಳುಗುಳು ಅಂತ ಬಿಸಿನೀರು ಉಕ್ಕುವ ಹಾಟ್ ಟಬ್. ಸಂಜೆ ಟಬ್ಬಿಗೆ ಇಳಿದವರು ಯಾರೂ ಬೇಗ ಏಳಲಿಲ್ಲ. ಮಾತು, ನಗು, ಬೆನ್ನಿಗೆ ಜೆಟ್ ನೀರು. ಎದ್ದ ಮೇಲೂ ಒದ್ದೆ ಬಟ್ಟೆಯಲ್ಲೇ ಕೂತು ಹರಟಿದೆವು.

ಮಾರನೆ ದಿನ ಏನೂ ಇರಲಿಲ್ಲ. ಅದರ ಮಾರನೆ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನೋಡಿದರೆ ಸೊಂಟ, ತೊಡೆಯ ಮೇಲ್ಭಾಗ, ಹೊಟ್ಟೆಯ ಪಕ್ಕ, ಎದೆಯ ಕೆಳಗೆ ಕೆಂಪು ಗುಳ್ಳೆಗಳು. ಕಂಕುಳ ಹತ್ತಿರವೂ ಒಂದಷ್ಟು. ವಿಚಿತ್ರ ಏನೆಂದರೆ ಈಜುಡುಗೆಯ ಎಲಾಸ್ಟಿಕ್ ಕೂರುವ ಜಾಗದಲ್ಲಿ ಗೆರೆ ಎಳೆದಂತೆ ಸಾಲಾಗಿ ಎದ್ದಿವೆ. ಕುತ್ತಿಗೆಯಿಂದ ಮೇಲೆ ಒಂದೂ ಇಲ್ಲ. ಅಂಗೈ, ಅಂಗಾಲಲ್ಲೂ ಇಲ್ಲ. ದೊಡ್ಡದಾಗಿ ತೋರಿಸುವ ಕನ್ನಡಿಯಲ್ಲಿ ಒಂದು ಗುಳ್ಳೆಯನ್ನು ಹತ್ತಿರದಿಂದ ನೋಡಿದೆ. ಸುತ್ತ ಕೆಂಪು, ತುದಿಯಲ್ಲಿ ಸಾಸಿವೆಯಷ್ಟೂ ಇಲ್ಲದ ಹಳದಿ ಕೀವು, ಅದರ ನಡುವಿನಿಂದ ಒಂದು ಕೂದಲು ಹೊರಗೆ ಬಂದಿದೆ. ತುರಿಕೆ ಇದೆ, ಒತ್ತಿದರೆ ನೋವೂ ಇದೆ.

ಟಬ್ಬಿನಲ್ಲಿ ಕೂತಿದ್ದ ಗೆಳತಿಗೂ ಹೀಗೇ ಆಗಿದೆ. ನಮ್ಮ ಮನೆಯವರಿಗೆ ಅಲ್ಲೊಂದು ಇಲ್ಲೊಂದು. ಅವರು ಸಡಿಲವಾದ ಚಡ್ಡಿ ಹಾಕಿದ್ದರು, ಬೇಗ ಎದ್ದು ಹೋಗಿ ಬಟ್ಟೆ ಬದಲಿಸಿದ್ದರು. ಈಜುಕೊಳದಲ್ಲಿ ಮಾತ್ರ ಈಜಿ, ಟಬ್ಬಿನ ಹತ್ತಿರವೂ ಬಾರದ ಇನ್ನೊಬ್ಬಳಿಗೆ ಏನೂ ಆಗಿಲ್ಲ.

ಎಲ್ಲರೂ "ಕ್ಲೋರಿನ್ ಅಲರ್ಜಿ, ನೀರಲ್ಲಿ ಜಾಸ್ತಿ ಹಾಕಿರುತ್ತಾರೆ" ಅನ್ನುತ್ತಿದ್ದಾರೆ. ಟಬ್ಬಿನ ಹತ್ತಿರ ಕಣ್ಣು ಉರಿಯುವಷ್ಟು ಘಾಟು ಇದ್ದದ್ದೂ ನಿಜ. ಆದರೆ ಅಲರ್ಜಿ ಆದರೆ ಎರಡು ದಿನ ಬಿಟ್ಟು ಬರುತ್ತಾ? ಅದೂ ಇಬ್ಬರು ಮೂವರಿಗೆ ಒಟ್ಟಿಗೆ?

ನನ್ನ ಪ್ರಶ್ನೆಗಳು: ಇದು ಏನು? ಮಕ್ಕಳಿಗೆ ಅಂಟುತ್ತಾ? ಮನೆಯಲ್ಲಿ ಹಿಂದೆ ಯಾವುದೋ ತುರಿಕೆಗೆ ಕೊಟ್ಟಿದ್ದ ಸ್ಟೀರಾಯ್ಡ್ ಮುಲಾಮು ಇದೆ, ಹಚ್ಚಬಹುದಾ? ಇನ್ನು ಮುಂದೆ ಈಜೋದನ್ನೇ ಬಿಡಬೇಕಾ?

ಬೆಳಗಿನ ಈಜು:

ನನಗೂ ಆಗುತ್ತೆ ಮೇಡಂ. ನೀರಿಂದ ಹೊರಗೆ ಬಂದ ಕೂಡಲೇ ಚರ್ಮ ಬಿಗಿದುಕೊಳ್ಳುತ್ತದೆ, ಮೊಣಕೈ ಒಳಭಾಗ, ಮೊಣಕಾಲಿನ ಹಿಂದೆ ಕೆಂಪಾಗುತ್ತದೆ. ಕ್ಲೋರಿನ್ನೇ ಕಾರಣ. ಇಳಿಯುವ ಮುಂಚೆ ಮೈಗೆ ಸಾದಾ ನೀರು ಹಾಕಿಕೊಳ್ಳುತ್ತೇನೆ, ಬಂದ ಮೇಲೆ ತೊಳೆದು ಮಾಯಿಶ್ಚರೈಸರ್ ಹಚ್ಚುತ್ತೇನೆ. ಸಂಜೆಯೊಳಗೆ ಸರಿಹೋಗುತ್ತದೆ. ನಿಮ್ಮದೂ ಅದೇ ಇರಬೇಕು, ಸುಮ್ನೆ ಹೆದರಬೇಡಿ.

ಪಂಪ್ ರೂಮ್ ಕಾಯುವವ:

ಬೆಳಗಿನ ಈಜು ಅವರೇ, ನಿಮ್ಮದು ಒಂದು ಕಥೆ, ಇವರದು ಬೇರೆ ಕಥೆ. ಎರಡನ್ನೂ ಸೇರಿಸಬೇಡಿ.

ನಾನು ಡಾಕ್ಟರ್ ಅಲ್ಲ. ಈಜುಕೊಳ, ಟಬ್ ನೋಡಿಕೊಳ್ಳುವುದು ನನ್ನ ಕೆಲಸ. ಮೈಮೇಲಿನ ಗುಳ್ಳೆಗಿಂತ ನೀರಿನ ಹಣೆಬರಹ ನನಗೆ ಚೆನ್ನಾಗಿ ಗೊತ್ತು. ತೇಲುಎಲೆ ಅವರು ಬರೆದದ್ದನ್ನು ಓದಿದ ಕೂಡಲೇ ನಾನು ಕೇಳುವುದು ಒಂದೇ: ಆ ಟಬ್ಬಿನ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ?

ಕ್ಲೋರಿನ್‌ನಿಂದ ಚರ್ಮ ಕೆರಳಿದರೆ ನೀರಲ್ಲಿ ಇರುವಾಗಲೇ ಅಥವಾ ಎದ್ದ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ಒಣಗುತ್ತದೆ, ಉರಿಯುತ್ತದೆ, ಪದರ ಏಳುತ್ತದೆ. ಮೊದಲೇ ಎಕ್ಸಿಮಾ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ, ಇದ್ದವರಿಗೆ ಇನ್ನೂ ಜಾಸ್ತಿ. ನೀರು ತಾಗಿದ ಕಡೆಯೆಲ್ಲ ಆಗುತ್ತದೆ, ಗೆರೆ ಎಳೆದಂತೆ ಎಲಾಸ್ಟಿಕ್ ಕೆಳಗೆ ಮಾತ್ರ ಆಗುವುದಿಲ್ಲ. ಕೂದಲ ಬುಡಕ್ಕೊಂದು ಕೀವು ತುಂಬಿದ ಗುಳ್ಳೆ, ಅದೂ ತಡವಾಗಿ, ಅದೂ ಒಂದೇ ಟಬ್ಬಿನಲ್ಲಿ ಕೂತವರಿಗೆ, ಅಂದರೆ ನೀರಲ್ಲಿ ಬ್ಯಾಕ್ಟೀರಿಯಾ ಇತ್ತು ಅಂತ ನನ್ನ ಲೆಕ್ಕ. ಅದರ ಹೆಸರು ಸೂಡೋಮೊನಾಸ್ ಏರುಜಿನೋಸಾ. ನೀರಲ್ಲಿ, ಮಣ್ಣಲ್ಲಿ, ಒದ್ದೆ ಇರುವ ಕಡೆಯೆಲ್ಲ ಇರುವ ಜೀವಿ. ಈ ರೋಗಕ್ಕೆ ಹಾಟ್ ಟಬ್ ಫಾಲಿಕ್ಯುಲೈಟಿಸ್ ಅಂತಲೇ ಹೆಸರು ಬಿದ್ದಿದೆ, ಫಾಲಿಕ್ಯುಲೈಟಿಸ್ ಅಂದರೆ ಕೂದಲ ಬುಡದ ಉರಿಯೂತ. ಹೊಸದೇನಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ಒಂದು ಮೋಟೆಲ್ಲಿನ ವರ್ಲ್‌ಪೂಲ್‌ನಲ್ಲಿ, ಅಂದರೆ ಇಂಥದೇ ಟಬ್ಬಿನಲ್ಲಿ, ಕೂತವರಿಗೆ ಹೀಗೆ ಆದದ್ದು 1975ರಲ್ಲೇ ವರದಿಯಾಗಿದೆ.

ಅಂದರೆ ನೋಡಿ, ಎಲ್ಲರೂ ಹೇಳುವುದಕ್ಕೆ ಪೂರ್ತಿ ಉಲ್ಟಾ. ಕ್ಲೋರಿನ್ ಜಾಸ್ತಿ ಆಗಿ ಆದದ್ದಲ್ಲ, ಸಾಕಾಗದೆ ಆದದ್ದು.

"ಮತ್ತೆ ಆ ಘಾಟು?" ಅಂತ ಕೇಳುತ್ತೀರಿ. ಈ ಘಾಟಿನ ವಿಷಯ ಹೇಳಿ ಹೇಳಿ ನನಗೆ ಸಾಕಾಗಿದೆ. ಚೆನ್ನಾಗಿ ಇಟ್ಟ ನೀರಿಗೆ ಅಷ್ಟು ವಾಸನೆ ಇರುವುದೇ ಇಲ್ಲ. ಬೆವರು, ಮೈಯ ಎಣ್ಣೆ, ಕ್ರೀಮು, ಹೇಳಬಾರದು ಆದರೆ ಮೂತ್ರ, ಇವುಗಳ ಜೊತೆ ಕ್ಲೋರಿನ್ ಸೇರಿದರೆ ಕ್ಲೋರಮೀನ್‌ಗಳು ಹುಟ್ಟುತ್ತವೆ. ಮೂಗಿಗೆ ಹೊಡೆಯುವುದು, ಕಣ್ಣು ಉರಿಸುವುದು ಅವು. ಕ್ಲೋರಿನ್ ಒಮ್ಮೆ ಹೀಗೆ ಕಟ್ಟಿಹಾಕಿಕೊಂಡರೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಅದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಘಾಟು ಬರುತ್ತಿದೆ ಅಂದರೆ ನೀರು ಸುಸ್ತಾಗಿದೆ ಅಂತ ಅರ್ಥ. ಅದನ್ನು ಮೂಸಿ "ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ" ಅಂತ ಖುಷಿಯಿಂದ ಇಳಿಯುವವರನ್ನು ನೋಡಿದರೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಈಜುಕೊಳದಲ್ಲಿ ಆಗದ್ದು ಟಬ್ಬಿನಲ್ಲೇ ಯಾಕೆ ಆಗುತ್ತದೆ? ಅಲ್ಲಿ ಎಲ್ಲವೂ ಕ್ಲೋರಿನ್‌ಗೆ ವಿರುದ್ಧ. ನೀರು ಬಿಸಿ, ಬಿಸಿಗೆ ಕ್ಲೋರಿನ್ ಬೇಗ ಖರ್ಚಾಗುತ್ತದೆ. ಜೆಟ್‌ಗಳು ಗಾಳಿ ತುಂಬಿ ನೀರನ್ನು ಕದಡುತ್ತಾ ಅದನ್ನು ಇನ್ನೂ ಬೇಗ ಹಾರಿಸುತ್ತವೆ. ಇನ್ನು ನೀರಿನ ಪ್ರಮಾಣ ನೋಡಿ. ಇಷ್ಟು ದೊಡ್ಡ ಕೊಳಕ್ಕೆ ನಾಲ್ಕು ಜನ ಇಳಿದರೆ ಲೆಕ್ಕಕ್ಕೇ ಬರುವುದಿಲ್ಲ. ಟಬ್ಬಿಗೆ ಅದೇ ನಾಲ್ಕು ಜನ ಇಳಿದು ಕೂತು ಬೆವರಿದರೆ ಅಲ್ಲಿರುವ ಕ್ಲೋರಿನ್ ಅಷ್ಟೂ ಅವರ ಬೆವರು ತೊಳೆಯುವುದಕ್ಕೇ ಮುಗಿದುಹೋಗುತ್ತದೆ. ಬೆಳಿಗ್ಗೆ ಸರಿಯಿದ್ದ ನೀರು ಸಂಜೆ ಗುಂಪು ಎದ್ದು ಹೋಗುವ ಹೊತ್ತಿಗೆ ಸೊನ್ನೆ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಈ ಬ್ಯಾಕ್ಟೀರಿಯಾಕ್ಕೋ ಬಿಸಿ ಅಂದರೆ ಪ್ರೀತಿ. ನಾವು ಸುಖವಾಗಿ ಕೂರುವ ಬಿಸಿಯಲ್ಲಿ ಅದೂ ಸುಖವಾಗಿ ಬೆಳೆಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಪೈಪಿನ ಒಳಗಿನ ಲೋಳೆ. ಜೆಟ್ ಬಾಯಿಯ ಮುಚ್ಚಳ ತಿರುಗಿಸಿ ತೆಗೆದು ಒಳಗೆ ಬೆರಳು ಹಾಕಿ ಉಜ್ಜಿದರೆ ಜಾರುವ, ಬೂದುಬಣ್ಣದ, ತೆಳು ಪದರ ಕೈಗೆ ಬರುತ್ತದೆ. ಬ್ಯಾಕ್ಟೀರಿಯಾಗಳು ಅದರೊಳಗೆ ಕಂಬಳಿ ಹೊದ್ದವರಂತೆ ಬೆಚ್ಚಗೆ ಕೂತಿರುತ್ತವೆ. ಮೇಲಿನ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಒಳಗೆ ಪೂರ್ತಿ ಇಳಿಯುವುದಿಲ್ಲ. ಜೆಟ್ ಆನ್ ಮಾಡಿದ ತಕ್ಷಣ ಒಂದಿಷ್ಟು ಕಿತ್ತು ನೀರಿಗೆ ಬರುತ್ತವೆ. ನೀವು ಅದರ ಮುಂದೆ ಬೆನ್ನು ಕೊಟ್ಟು ಕೂತಿರುತ್ತೀರಿ!

ಅಂಕಿ ಬೇಕು ಅನ್ನುವವರಿಗೆ: ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಹೇಳುವ ಪ್ರಕಾರ ಹಾಟ್ ಟಬ್‌ನಲ್ಲಿ ಫ್ರೀ ಕ್ಲೋರಿನ್, ಅಂದರೆ ಯಾವುದಕ್ಕೂ ಕಟ್ಟಿಹಾಕಿಕೊಳ್ಳದೆ ಉಳಿದ ಕ್ಲೋರಿನ್, ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3 ಭಾಗ) ಇರಬೇಕು. ಕ್ಲೋರಿನ್ ಬದಲು ಬ್ರೋಮಿನ್ ಬಳಸುವುದಾದರೆ 4ರಿಂದ 8. ಸಾಮಾನ್ಯ ಈಜುಕೊಳಕ್ಕೆ ಕ್ಲೋರಿನ್ ಕನಿಷ್ಠ 1 ಸಾಕು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.0ರಿಂದ 7.8ರ ಒಳಗೆ. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪಿಎಚ್ ಯಾಕೆ ಮುಖ್ಯ ಅಂದರೆ, 7.5ರ ಹತ್ತಿರ ಕ್ಲೋರಿನ್‌ನ ಅರ್ಧ ಭಾಗ ಮಾತ್ರ ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ನೀರು ಪರೀಕ್ಷಿಸುವ ಸ್ಟ್ರಿಪ್‌ನಲ್ಲಿ ಕ್ಲೋರಿನ್ ಬಣ್ಣ ಚೆನ್ನಾಗಿ ಕಾಣುತ್ತಿದೆ ಅಂತ ಪಿಎಚ್ ಕಡೆ ನೋಡದೆ ಬಿಡುವವರು ಬಹಳ ಜನ.

ಚಿಕಿತ್ಸೆ ವಿಷಯ ಗೊತ್ತಿರುವವರು ಯಾರಾದರೂ ಬರೆಯಲಿ.

ತೇಲುಎಲೆ:

ಅಬ್ಬಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಸಾರ್. ಬೆರಳಿಗೆ ಬರುವ ಲೋಳೆ ಓದಿ ಮೈ ಜುಮ್ ಅಂತು.

ಆ ಜಾಗದವರಿಗೆ ಫೋನ್ ಮಾಡಿದೆ. "ನೀರು ಕನ್ನಡಿ ಹಾಗೆ ತಿಳಿಯಾಗಿದೆ, ಬೇರೆ ಯಾರೂ ದೂರು ಕೊಟ್ಟಿಲ್ಲ, ನಿಮ್ಮ ಚರ್ಮ ಸೂಕ್ಷ್ಮ ಇರಬೇಕು" ಅಂದರು. ಪರೀಕ್ಷೆ ಮಾಡಿದ ಪುಸ್ತಕ ಇದೆಯಾ ಅಂತ ಕೇಳಿದ್ದಕ್ಕೆ "ಮ್ಯಾನೇಜರ್ ಇಲ್ಲ" ಅಂದರು.

ಇನ್ನೊಂದು ಅನುಮಾನ. ಬಂದ ರಾತ್ರಿ ಚೆನ್ನಾಗಿ ಸೋಪು ಹಚ್ಚಿ ಸ್ನಾನ ಮಾಡಿದ್ದೆ. ಆದರೂ ಆಯಿತಲ್ಲ? ಮತ್ತೆ ಅಂಟುವ ವಿಷಯ, ಮುಲಾಮಿನ ವಿಷಯ ಯಾರೂ ಹೇಳಲಿಲ್ಲ. ಚಿಕ್ಕವಳು ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ, ಅದಕ್ಕೇ ಚಿಂತೆ.

ಬಿಳಿ ಏಪ್ರನ್:

ಚರ್ಮದ ಡಾಕ್ಟರ್ ಹತ್ತಿರ ನರ್ಸ್ ಆಗಿದ್ದೇನೆ. ಮೈ ನೋಡದೆ ಇದೇ ಅಂತ ಹೇಳುವುದಕ್ಕೆ ಆಗುವುದಿಲ್ಲ. ಆದರೆ ನೀವು ಬರೆದದ್ದು ಹಾಟ್ ಟಬ್ ಫಾಲಿಕ್ಯುಲೈಟಿಸ್‌ಗೆ ಚೆನ್ನಾಗಿ ಹೊಂದುತ್ತದೆ.

ಮೊದಲು ಮಗಳ ವಿಷಯ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಅಂತ ಎಣಿಸುವುದಿಲ್ಲ. ನಿಮಗೆ, ಗೆಳತಿಗೆ ಇಬ್ಬರಿಗೂ ಬಂದದ್ದು ಒಂದೇ ನೀರಿನಿಂದ. ಪಕ್ಕದಲ್ಲಿ ಮಲಗಿದರೆ ಏನೂ ಆಗುವುದಿಲ್ಲ. ಟವೆಲ್ ಮಾತ್ರ ಬೇರೆ ಇಡಿ, ಅದು ಯಾವ ಚರ್ಮದ ತೊಂದರೆಗೂ ಒಳ್ಳೆಯ ಅಭ್ಯಾಸ.

ಇನ್ನು ಸ್ನಾನ. ಬಿಸಿ ನೀರಲ್ಲಿ ಬಹಳ ಹೊತ್ತು ನೆನೆದಾಗ ಚರ್ಮದ ಮೇಲಿನ ಪದರ ಉಬ್ಬಿ ಮೆತ್ತಗಾಗುತ್ತದೆ, ಕೂದಲ ಬುಡದ ಬಾಯಿ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ ಒಳಗೆ ಹೋಗುವುದು ಆಗಲೇ. ಒದ್ದೆ ಈಜುಡುಗೆ ಮೈಗೆ ಒತ್ತಿಕೊಂಡಿದ್ದಷ್ಟೂ ಹೊತ್ತು ಅದಕ್ಕೆ ಬೇಕಾದ ಬಿಸಿ, ತೇವ ಎರಡೂ ಸಿಗುತ್ತವೆ. ಆಮೇಲೆ ಸೋಪು ಹಚ್ಚಿದರೆ ಮೇಲಿನದು ಹೋಗುತ್ತದೆ, ಒಳಗೆ ಹೋದದ್ದು ಹೋಗುವುದಿಲ್ಲ. ನಿಮ್ಮ ಮನೆಯವರಿಗೆ ಕಡಿಮೆ ಆದದ್ದಕ್ಕೂ ಕಾರಣ ಇದೇ ಇರಬಹುದು, ಬೇಗ ಎದ್ದರು, ಬಟ್ಟೆ ಬದಲಿಸಿದರು. ಟಬ್ಬಿಗೆ ಇಳಿಯುವ ಮುಂಚೆ ಶೇವ್ ಅಥವಾ ವ್ಯಾಕ್ಸ್ ಮಾಡಿಸಿದ್ದರೆ ಇನ್ನೂ ಸುಲಭವಾಗಿ ಬರುತ್ತದೆ. ತುಂಬಾ ಜನ ಹೆಣ್ಣುಮಕ್ಕಳು ಅದೇ ದಿನ ಮಾಡಿಸಿಕೊಂಡು ಹೋಗುತ್ತಾರೆ ಅಲ್ವಾ, ಅದಕ್ಕೆ ಹೇಳಿದೆ.

ಗುಳ್ಳೆ ಕಾಣಿಸುವುದು ಸಾಮಾನ್ಯವಾಗಿ ಒಂದೆರಡು ದಿನಕ್ಕೆ. ಕೆಲವರಿಗೆ ಕೆಲವೇ ಗಂಟೆಗಳಲ್ಲಿ, ಕೆಲವರಿಗೆ 5 ದಿನದ ತನಕ. ಆರೋಗ್ಯವಾಗಿರುವವರಿಗೆ 7ರಿಂದ 10 ದಿನದಲ್ಲಿ ಔಷಧಿ ಇಲ್ಲದೆಯೇ ಇಳಿಯುತ್ತದೆ. ಕಂದು ಕಲೆ ಮಾತ್ರ ಕೆಲವು ವಾರ ಉಳಿಯಬಹುದು, ನಮ್ಮಂಥ ಚರ್ಮಕ್ಕೆ ಅದು ಇದ್ದದ್ದೇ. ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ, ತಾನಾಗೇ ಹೋಗುತ್ತದೆ.

ಸ್ಟೀರಾಯ್ಡ್ ಮುಲಾಮು ಬೇಡ. ಯಾರೋ ಯಾವಾಗಲೋ ಯಾವುದಕ್ಕೋ ಕೊಟ್ಟ ಟ್ಯೂಬ್ ಅದು. ತುರಿಕೆ ಒಂದು ದಿನ ಕಡಿಮೆ ಆದ ಹಾಗೆ ಅನಿಸುತ್ತದೆ. ಆದರೆ ಸೋಂಕು ಇರುವ ಜಾಗದಲ್ಲಿ ಚರ್ಮ ಹೋರಾಡುವುದನ್ನೇ ಅದು ತಡೆಯುತ್ತದೆ. ನಮ್ಮಲ್ಲಿಗೆ ಬರುವ ಅರ್ಧ ಜನ ಇಂಥ ಟ್ಯೂಬ್ ಹಚ್ಚಿಕೊಂಡೇ ಬರುತ್ತಾರೆ, ಆಮೇಲೆ ಮೂಲ ರೋಗ ಯಾವುದು ಅಂತ ಡಾಕ್ಟರಿಗೇ ಗೊತ್ತಾಗುವುದು ಕಷ್ಟ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಯೂ ಬೇಡ. ಅಮಾಕ್ಸಿಸಿಲಿನ್‌ನಂಥ ಮಾತ್ರೆಗಳು ಈ ಬ್ಯಾಕ್ಟೀರಿಯಾಕ್ಕೆ ನಾಟುವುದೇ ಇಲ್ಲ. ತೀರಾ ಜೋರಾಗಿದ್ದರೆ ಡಾಕ್ಟರು ಬೇರೆ ಔಷಧಿ ಬರೆಯುತ್ತಾರೆ.

ಮಾಡಬೇಕಾದದ್ದು ಇಷ್ಟೇ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ತುರಿಕೆ ತಗ್ಗುತ್ತದೆ. ಗುಳ್ಳೆ ಹಿಂಡಬೇಡಿ, ಉಗುರು ಹಾಕಬೇಡಿ, ಪೂರ್ತಿ ವಾಸಿಯಾಗುವ ತನಕ ಆ ಜಾಗ ಶೇವ್ ಮಾಡಬೇಡಿ. ಆ ಈಜುಡುಗೆಯನ್ನು ಡಿಟರ್ಜೆಂಟ್‌ನಲ್ಲಿ ಒಗೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಸ್ನಾನಕ್ಕೆ ಉಜ್ಜುವ ಲೂಫಾ ಇದ್ದರೆ ಎಸೆಯಿರಿ. ಯಾವಾಗಲೂ ಒದ್ದೆ ಇರುವ ಲೂಫಾದಿಂದಲೂ ಇದೇ ರೀತಿ ಗುಳ್ಳೆ ಬರುತ್ತದೆ.

ಜ್ವರ ಬಂದರೆ, ಗುಳ್ಳೆ ದೊಡ್ಡದಾಗಿ ಗಟ್ಟಿಯಾಗಿ ನೋವು ಏರುತ್ತಾ ಹೋದರೆ, ಎದೆ ಭಾಗ ಊದಿ ನೋಯುತ್ತಿದ್ದರೆ, 10 ದಿನ ಕಳೆದರೂ ಹೊಸದು ಏಳುತ್ತಿದ್ದರೆ ಕಾಯಬೇಡಿ, ತೋರಿಸಿ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಮೊದಲ ದಿನವೇ ಹೋಗಬೇಕು. ಹೋದಾಗ "ಹಾಟ್ ಟಬ್‌ನಲ್ಲಿ ಕೂತಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಡಾಕ್ಟರು ತಿಗಣೆ ಕಡಿತ, ಕಜ್ಜಿ, ಸೀತಾಳೆ ಸಿಡುಬು ಅಂತೆಲ್ಲ ಸುತ್ತಬೇಕಾಗುತ್ತದೆ. ಟಬ್ಬಿನಲ್ಲಿ ಕೂತು ಬಂದ ಎರಡು ವಾರದೊಳಗೆ ಯಾರಿಗಾದರೂ ಜ್ವರದ ಜೊತೆ ಕೆಮ್ಮು, ಉಸಿರಾಟದ ಕಷ್ಟ ಶುರುವಾದರೆ ಅದು ಚರ್ಮದ ಮಾತಲ್ಲ. ಲೀಜನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಹಾಟ್ ಟಬ್ಬಿನ ಆವಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ.

ಬೆಳಗಿನ ಈಜು:

ಒಪ್ಪಿದೆ ಪಂಪ್ ರೂಮ್ ಸಾರ್. ಒಂದು ಮಾತು ಕೇಳುತ್ತೇನೆ. ನನಗೆ ಕನ್ನಡಕದ ಸುತ್ತಲೂ ಆಗುತ್ತದೆ, ಅದೇ ಈಜುವಾಗ ಹಾಕುವ ಗಾಗಲ್ಸ್. ಕಣ್ಣಿನ ಸುತ್ತ ಉಂಗುರದ ಹಾಗೆ ಕೆಂಪು, ತುರಿಕೆ. ಅದೂ ನೀರಿಂದಲೇನಾ?

ಬಿಳಿ ಏಪ್ರನ್:

ಉಂಗುರದ ಆಕಾರದಲ್ಲೇ ಇದೆ ಅಂದರೆ ಗಾಗಲ್ಸ್‌ನ ರಬ್ಬರಿನ ಮೇಲೇ ಅನುಮಾನ. ರಬ್ಬರ್ ತಯಾರಿಸುವಾಗ ಹಾಕುವ ರಾಸಾಯನಿಕಗಳಿಗೆ ಕೆಲವರಿಗೆ ನಿಜವಾದ ಅಲರ್ಜಿ ಇರುತ್ತದೆ. ಸಿಲಿಕೋನ್‌ನದ್ದು ಹಾಕಿ ನೋಡಿ. ಹೋಗದಿದ್ದರೆ ಪ್ಯಾಚ್ ಟೆಸ್ಟ್ ಮಾಡಿಸಿ, ಅಂದರೆ ಯಾವುದಕ್ಕೆ ಅಲರ್ಜಿ ಅಂತ ಚರ್ಮದ ಮೇಲೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ.

ಇನ್ನು ಬಿಸಿನೀರಿಗೆ ಇಳಿದ ಕೆಲವೇ ನಿಮಿಷಕ್ಕೆ ಸಣ್ಣ ಸಣ್ಣ ದದ್ದು ಎದ್ದು, ಒಂದು ಗಂಟೆಯೊಳಗೆ ಮಾಯವಾದರೆ ಅದು ಬಿಸಿಗೆ, ಬೆವರಿಗೆ ಬರುವ ಪಿತ್ತಗಂಧೆ. ತಣ್ಣೀರಿಗೆ ಇಳಿದಾಗ ದದ್ದು ಬರುವವರು ಮಾತ್ರ ಬಹಳ ಹುಷಾರಾಗಿರಬೇಕು. ಮೈಯೆಲ್ಲ ಒಮ್ಮೆಲೇ ತಣ್ಣಗಾದಾಗ ರಕ್ತದೊತ್ತಡ ಕುಸಿದು ನೀರಲ್ಲೇ ಪ್ರಜ್ಞೆ ತಪ್ಪಬಹುದು. ಅಂಥವರು ಡಾಕ್ಟರನ್ನು ಕೇಳದೆ, ಒಬ್ಬರೇ ಈಜಲೇಬಾರದು.

ಕೆರೆ ದಡ:

ನನ್ನ ಅನುಭವ ಕೊಳದ್ದಲ್ಲ, ಬಯಲಿನ ನೀರಿನದು. ನಾನು ಕೆರೆಯಲ್ಲಿ ಈಜುವವನು. ನಿಂತ ನೀರಲ್ಲಿ, ದಡದ ಹತ್ತಿರ, ಬಸವನಹುಳ ಜಾಸ್ತಿ ಇರುವ ಕಡೆ ಇಳಿದು ಬಂದರೆ ಚುಚ್ಚಿದಂತೆ ಆಗಿ ಆಮೇಲೆ ಗುಳ್ಳೆ ಏಳುತ್ತದೆ. ನನಗೆ ಎದ್ದದ್ದು ಬಟ್ಟೆ ಮುಚ್ಚದ ಕಾಲು, ತೋಳಿನ ಮೇಲೆ. ಬಟ್ಟೆ ಒಳಗೆ ಹೆಚ್ಚು ಇರಲಿಲ್ಲ. ನೀರುಹಕ್ಕಿ ಮತ್ತು ಬಸವನಹುಳದ ನಡುವೆ ಓಡಾಡುವ ಪರಾವಲಂಬಿ ಹುಳುವಿನ ಮರಿಗಳು ಹಕ್ಕಿ ಅಂದುಕೊಂಡು ನಮ್ಮ ಚರ್ಮಕ್ಕೆ ನುಗ್ಗುತ್ತವಂತೆ. ಮನುಷ್ಯನ ಒಳಗೆ ಬದುಕಲಾರದೆ ಅಲ್ಲೇ ಸಾಯುತ್ತವೆ. ತುರಿಕೆ ಮಾತ್ರ ನಮ್ಮ ಪಾಲಿಗೆ! ಎದ್ದ ಕೂಡಲೇ ಟವೆಲ್‌ನಿಂದ ಗಟ್ಟಿಯಾಗಿ ಒರೆಸಿಕೊಂಡರೆ ಕಡಿಮೆ ಆಗುತ್ತದೆ.

ಸಮುದ್ರದಲ್ಲಿ ಇದಕ್ಕೆ ಉಲ್ಟಾ. ಲೋಳೆಮೀನಿನ ಸಣ್ಣ ಮರಿಗಳು ಈಜುಡುಗೆಯ ಒಳಗೆ ಸಿಕ್ಕಿಕೊಂಡು ಅಲ್ಲೇ ಕುಟುಕುತ್ತವೆ. ಆದ್ದರಿಂದ ತೇಲುಎಲೆ ಅವರ ಹಾಗೆ ಬಟ್ಟೆಯ ಕೆಳಗೇ ದದ್ದು. ಅಲ್ಲಿ ಒಂದು ಸೂಕ್ಷ್ಮ ಇದೆ: ಈಜುಡುಗೆ ಹಾಕಿಕೊಂಡೇ ಸಿಹಿನೀರಿನ ಶವರ್ ಕೆಳಗೆ ನಿಂತರೆ ಉಳಿದ ಕುಟುಕು ಕೋಶಗಳೂ ಸಿಡಿಯುತ್ತವೆ. ಮೊದಲು ಬಟ್ಟೆ ತೆಗೆಯಬೇಕು, ಆಮೇಲೆ ನೀರು.

ನೀವು ಇಳಿದದ್ದು ಟಬ್ ಅಂತ ಗೊತ್ತಿರುವುದರಿಂದ ಇವೆರಡೂ ಅಲ್ಲ. ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆದೆ.

ಪಂಪ್ ರೂಮ್ ಕಾಯುವವ:

ಆ ಜಾಗದವರ ಮಾತಿಗೆ ಉತ್ತರ ಕೊಡದೆ ಇರಲಾರೆ. ನೀರು ತಿಳಿಯಾಗಿರುವುದಕ್ಕೂ ಶುದ್ಧವಾಗಿರುವುದಕ್ಕೂ ಸಂಬಂಧ ಇಲ್ಲ. ತಿಳಿ ಮಾಡುವುದು ಫಿಲ್ಟರ್, ಕೊಲ್ಲುವುದು ಕ್ಲೋರಿನ್. ಫಿಲ್ಟರ್ ಚೆನ್ನಾಗಿ ಓಡುತ್ತಿದ್ದು ಕ್ಲೋರಿನ್ ಸೊನ್ನೆ ಇದ್ದರೂ ನೀರು ಫಳಫಳ ಅನ್ನುತ್ತದೆ.

"ಬೇರೆ ಯಾರೂ ದೂರು ಕೊಟ್ಟಿಲ್ಲ" ಅನ್ನುವುದೂ ಅಷ್ಟೇ. ಗುಳ್ಳೆ ಏಳುವ ಹೊತ್ತಿಗೆ ಜನ ಮನೆ ಸೇರಿರುತ್ತಾರೆ. ಸೊಳ್ಳೆಯೋ ಹಾಸಿಗೆಯೋ ಅಂತ ಅಂದುಕೊಳ್ಳುತ್ತಾರೆ. ಫೋನ್ ಮಾಡುವವರು ಎಷ್ಟು ಜನ?

ಜಗಳಕ್ಕೆ ಹೋಗಬೇಡಿ ಮೇಡಂ, ಬರೆದು ಕಳಿಸಿ. ಯಾವ ದಿನ, ಎಷ್ಟು ಹೊತ್ತಿಗೆ ಟಬ್ಬಿಗೆ ಇಳಿದಿರಿ, ಎಷ್ಟು ಜನ ಇದ್ದರು, ಯಾರ್ಯಾರಿಗೆ ಯಾವಾಗ ಗುಳ್ಳೆ ಎದ್ದವು, ಟಬ್ಬಿಗೆ ಇಳಿಯದವರಿಗೆ ಏನೂ ಆಗಿಲ್ಲ ಅನ್ನುವುದು. ಈ ಕೊನೆಯ ಸಾಲು ಮುಖ್ಯ. ನಿಮ್ಮ ಚರ್ಮ ಸೂಕ್ಷ್ಮ ಅನ್ನುವ ವಾದ ಅಲ್ಲಿಗೆ ಮುಗಿಯುತ್ತದೆ. ಸ್ಥಳೀಯ ಆರೋಗ್ಯ ಇಲಾಖೆಗೂ ಒಂದು ಪ್ರತಿ ಕಳಿಸಿ. ಆ ಜಾಗದವರು ಮಾಡಬೇಕಾದದ್ದು ಸ್ವಲ್ಪ ಕ್ಲೋರಿನ್ ಸುರಿದು ಕೈ ತೊಳೆದುಕೊಳ್ಳುವುದಲ್ಲ. ಟಬ್ ಪೂರ್ತಿ ಖಾಲಿ ಮಾಡಬೇಕು, ಗೋಡೆ, ಮೆಟ್ಟಿಲು, ಜೆಟ್ ಬಾಯಿ ಉಜ್ಜಬೇಕು, ಫಿಲ್ಟರ್ ಬದಲಿಸಬೇಕು, ಪೈಪಿನ ಒಳಗೆಲ್ಲ ಕ್ಲೋರಿನ್ ಜಾಸ್ತಿ ಹಾಕಿದ ನೀರು ಸುತ್ತಿಸಬೇಕು. ಆಮೇಲೆ ಹೊಸ ನೀರು ತುಂಬಿ ಪರೀಕ್ಷೆ ಮಾಡಿ ತೆರೆಯಬೇಕು.

ಚಿಕ್ಕ ಮಕ್ಕಳಿಗೆ ಕಾಲಾಡಿಸುವ ಆಳವಿಲ್ಲದ ಕೊಳದ ಬಗ್ಗೆಯೂ ಒಂದು ಮಾತು. ಇದೇ ಬ್ಯಾಕ್ಟೀರಿಯಾ ಅಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಕೆನಡಾದ ಎಡ್ಮಂಟನ್‌ನಲ್ಲಿ 1998ರಲ್ಲಿ ಒಂದು ಕೊಳಕ್ಕೆ ಇಳಿದ 40 ಮಕ್ಕಳಿಗೆ ಅಂಗಾಲಲ್ಲಿ ಕೆಂಪಗೆ ಗಂಟು ಕಟ್ಟಿ, ಕಾಲು ಊರಲಾರದಷ್ಟು ನೋವಾಗಿತ್ತು. ಜಾರಬಾರದು ಅಂತ ನೆಲಕ್ಕೆ ಒರಟು ಮರಳಿನಂಥ ಲೇಪನ ಮಾಡಿದ್ದರು. ಅದು ಅಂಗಾಲು ತರಚಿತು, ಬ್ಯಾಕ್ಟೀರಿಯಾಕ್ಕೆ ದಾರಿ ಆಯಿತು. ಎಲ್ಲ ಮಕ್ಕಳಿಗೂ ವಾಸಿಯಾಯಿತು. ನಿಮ್ಮ ಮಗಳು ನೀರಾಟದ ಮಾರನೆ ದಿನ ಕಾಲು ನೋವು ಅಂತ ಅತ್ತರೆ ಪಾದದ ಅಡಿ ತಿರುಗಿಸಿ ನೋಡಿ.

ಸುಮ್ನೆ ಓದುಗ:

ಮಗನಿಗೆ ಈಜು ಕ್ಲಾಸಿಗೆ ಹೋಗಲು ಶುರು ಮಾಡಿದ ಮೇಲೆ ಮುತ್ತಿನಂಥ ಗುಳ್ಳೆ ಬಂದಿವೆ, ನಡುವೆ ಸಣ್ಣ ಕುಳಿ. ತುರಿಕೆ ಇಲ್ಲ, ವಾರಗಳಾದರೂ ಹೋಗುತ್ತಿಲ್ಲ. ಅದೂ ಇದೇನಾ?

ಬಿಳಿ ಏಪ್ರನ್:

ಅಲ್ಲ. ನಡುವೆ ಕುಳಿ ಇದೆ ಅಂದರೆ ಮೊಲಸ್ಕಂ ಕಂಟೇಜಿಯೋಸಂ ಇರಬಹುದು. ವೈರಸ್ಸಿನದು, ಇದು ಅಂಟುತ್ತದೆ. ಟವೆಲ್, ತೇಲುವ ಹಲಗೆ, ಆಟದ ಸಾಮಾನು ಹಂಚಿಕೊಳ್ಳುವುದರಿಂದ ಜಾಸ್ತಿ. ತಾನಾಗೇ ಹೋಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಗುಳ್ಳೆಗಳನ್ನು ನೀರು ಹೋಗದ ಬ್ಯಾಂಡೇಜ್‌ನಿಂದ ಮುಚ್ಚಿ ಕ್ಲಾಸಿಗೆ ಕಳಿಸಬಹುದು, ಟವೆಲ್ ಮಾತ್ರ ಅವನದೇ ಇರಲಿ. ಒಮ್ಮೆ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ತೇಲುಎಲೆ:

ಎಲ್ಲರಿಗೂ ಮತ್ತೆ ಥ್ಯಾಂಕ್ಸ್. ಟ್ಯೂಬ್ ಎತ್ತಿಟ್ಟೆ. ಲೂಫಾ ಕಸಕ್ಕೆ ಹೋಯಿತು. ಗುಳ್ಳೆಗಳ ತುದಿ ಒಣಗಲು ಶುರುವಾಗಿದೆ, ತುರಿಕೆ ಕಡಿಮೆ. ಪಂಪ್ ರೂಮ್ ಸಾರ್ ಹೇಳಿದ ಹಾಗೆ ಬರೆದು ಕಳಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಕೊನೆಯದಾಗಿ ಒಂದೇ ಪ್ರಶ್ನೆ. ನನ್ನ ಭಾವ ಮನೆ ತಾರಸಿಗೆ ಗಾಳಿ ತುಂಬುವ ಹಾಟ್ ಟಬ್ ತರಿಸಬೇಕು ಅಂತಿದ್ದಾರೆ. ಬೇಡ ಅನ್ನಲಾ?

ಪಂಪ್ ರೂಮ್ ಕಾಯುವವ:

ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ತರಿಸುವ ಮುಂಚೆ ಅವರನ್ನು ಒಂದು ಮಾತು ಕೇಳಿ: ದಿನಾ ನೀರು ಪರೀಕ್ಷೆ ಮಾಡುವವರು ಯಾರು? "ನೋಡೋಣ" ಅಂದರೆ ತರಿಸುವುದು ಬೇಡ.

ತರಿಸಿದರೆ, ಟಬ್ಬಿನ ಜೊತೆಗೇ ಟೆಸ್ಟ್ ಸ್ಟ್ರಿಪ್ ಡಬ್ಬಿ ತರಿಸಲಿ. ಅವಧಿ ಮುಗಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ, ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಅಷ್ಟೇ. ಒದ್ದೆ ಕೈಯಲ್ಲಿ ಸ್ಟ್ರಿಪ್ ತೆಗೆಯಬಾರದು. ಇಳಿಯುವ ಮುಂಚೆ ಪ್ರತಿ ಸಲ ಅದ್ದಿ ನೋಡಬೇಕು, ತುಂಬಾ ಜನ ಇಳಿದಿದ್ದರೆ ನಡುವೆಯೂ. ಕ್ಲೋರಿನ್ 3ಕ್ಕಿಂತ ಕಡಿಮೆ ಅಂದರೆ ಯಾರೂ ಇಳಿಯುವ ಹಾಗಿಲ್ಲ, ಮಗು ಎಷ್ಟೇ ಹಟ ಮಾಡಲಿ.

ಅಂಗಡಿಯಲ್ಲಿ ಸಿಗುವ ಬಿಲ್ಲೆ ಕ್ಲೋರಿನ್‌ನಲ್ಲಿ ಬಹಳ ಸಲ ಸಯನ್ಯೂರಿಕ್ ಆಸಿಡ್ ಸೇರಿರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ತಡೆಯಲು ಅದನ್ನು ಹೊರಗಿನ ಈಜುಕೊಳಕ್ಕೆ ಬಳಸುತ್ತಾರೆ. ಆದರೆ ಕ್ಲೋರಿನ್ ಕೊಲ್ಲುವ ವೇಗವನ್ನೂ ಅದು ತಗ್ಗಿಸುತ್ತದೆ. ಹಾಟ್ ಟಬ್‌ಗೆ ಅದು ಬೇಡ ಅಂತಲೇ ಸಿಡಿಸಿ ಹೇಳುತ್ತದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಲಿ.

ಇಳಿಯುವ ಮುಂಚೆ ಒಂದೇ ಒಂದು ನಿಮಿಷ ಶವರ್ ಕೆಳಗೆ ನಿಂತರೂ ಮೈಯ ಬೆವರು, ಕ್ರೀಮು ಬಹಳಷ್ಟು ಹೋಗುತ್ತದೆ, ಕ್ಲೋರಿನ್ ಉಳಿಯುತ್ತದೆ. ಎದ್ದ ಕೂಡಲೇ ಒದ್ದೆ ಬಟ್ಟೆ ಕಳಚಿ ಸೋಪಿನಲ್ಲಿ ತೊಳೆದುಕೊಳ್ಳಬೇಕು. ಗಾಳಿ ತುಂಬುವ ಟಬ್ಬಿನ ಫಿಲ್ಟರ್ ಅಂಗೈಯಷ್ಟೇ ಇರುತ್ತದೆ, ಬೇಗ ಕಟ್ಟಿಕೊಳ್ಳುತ್ತದೆ. ಆಗಾಗ ಬಿಚ್ಚಿ ತೊಳೆಯಲಿ, ಕೈಪಿಡಿ ಹೇಳಿದಾಗ ಹೊಸದು ಹಾಕಲಿ. ಬಳಸದೆ ಮುಚ್ಚಿಟ್ಟ ಟಬ್ಬಿಗೆ ನೇರವಾಗಿ ಇಳಿಯಬಾರದು. ನೀರು ಚೆಲ್ಲಿ, ಉಜ್ಜಿ, ಹೊಸದಾಗಿ ತುಂಬಬೇಕು.

ಇಷ್ಟೆಲ್ಲ ಕೇಳಿಯೂ ಭಾವ ತರಿಸುತ್ತೇನೆ ಅಂದರೆ ನನಗೆ ಇಲ್ಲೇ ಬರೆಯಿರಿ. ಎಷ್ಟು ಲೀಟರಿನ ಟಬ್ ಅಂತ ಹೇಳಿದರೆ ಮೊದಲ ಸಲ ಎಷ್ಟು ಹಾಕಬೇಕು ಅಂತ ಲೆಕ್ಕ ಮಾಡಿ ಕೊಡುತ್ತೇನೆ.